ಗಾಜಿನ ಮೇಲಿನ ಬಿಳಿ ಕಲೆ: ಬರುವುದೇಕೆ, ಹೋಗುವುದು ಹೇಗೆ?

ಕೊಳವೆ ಬಾವಿಯ ನೀರನ್ನು ನಂಬಿರುವ ಊರುಗಳಲ್ಲಿ ಗೃಹಿಣಿಯರನ್ನು ಗೋಳಾಡಿಸುವ ಸಂಗತಿಗಳು ಹಲವು. ಸೋಪು ನೊರೆಗಟ್ಟುವುದಿಲ್ಲ, ತೊಗರಿ ಬೇಳೆ ಬೇಗ ಬೇಯುವುದಿಲ್ಲ, ನೀರು ಕಾಯಿಸುವ ಹಂಡೆಯ ತಳದಲ್ಲಿ ಬಿಳಿಯ ಪದರ ಕಟ್ಟುತ್ತದೆ. ಇವುಗಳ ಸಾಲಿಗೆ ಕಿಟಕಿ ಗಾಜಿನ ಮೇಲಿನ ಬಿಳಿ ಕಲೆಯೂ ಸೇರುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸುವಾಗ ಗಾಜು ಫಳಫಳ ಹೊಳೆಯುತ್ತದೆ. ‘ಸದ್ಯ, ಹೋಯಿತು’ ಎಂದು ಬಟ್ಟೆ ಹಿಂಡಿ ಒಣಹಾಕಿ ಬರುವಷ್ಟರಲ್ಲಿ ಅದೇ ಚುಕ್ಕೆ, ಅದೇ ಗೆರೆ, ಅದೇ ಮಬ್ಬು ಮತ್ತೆ ಹಾಜರಾಗಿರುತ್ತವೆ.

ಒದ್ದೆಯಾದಾಗ ಮಾಯವಾಗಿ ಒಣಗಿದಾಗ ಕಾಣಿಸಿಕೊಳ್ಳುವುದು ಏಕೆ? ಕಲೆ ಎಂದರೆ ಗಾಜಿಗೆ ಅಂಟಿರುವ ಅತಿ ಸಣ್ಣ ಹರಳುಗಳ ಗುಂಪು. ಆ ಉಬ್ಬುತಗ್ಗಿನ ಮೇಲೆ ಬಿದ್ದ ಬೆಳಕು ನಾನಾ ದಿಕ್ಕಿಗೆ ಚದುರುವುದರಿಂದ ಅದು ನಮ್ಮ ಕಣ್ಣಿಗೆ ಬಿಳಿಯಾಗಿ ಕಾಣುತ್ತದೆ. ನೀರು ತಾಗಿದಾಗ ಹರಳುಗಳ ನಡುವಿನ ಸಂದುಗಳು ತುಂಬಿ, ಚದುರುವಿಕೆ ತಗ್ಗುತ್ತದೆ. ಆದ್ದರಿಂದ ಕಲೆ ಹೋದಂತೆ ಭಾಸವಾಗುತ್ತದೆಯೇ ಹೊರತು, ಅದು ಇದ್ದಲ್ಲೇ ಇರುತ್ತದೆ. ಗಾಜು ನಿಜವಾಗಿ ಶುಚಿಯಾಯಿತೇ ಎಂಬುದನ್ನು ಒಣಗಿದ ಮೇಲಷ್ಟೇ ತೀರ್ಮಾನಿಸಬೇಕು.

ಈ ಕಲೆಯನ್ನು ತೆಗೆಯುವುದಕ್ಕೆ ದುಬಾರಿ ದ್ರಾವಣಗಳು ಬೇಕಿಲ್ಲ. ಹತ್ತನೆಯ ತರಗತಿಯ ರಸಾಯನ ವಿಜ್ಞಾನ ಸಾಕು. ಆದರೆ ಅದೇ ಪಾಠವನ್ನು ಮರೆತರೆ ಗಾಜು, ಕಿಟಕಿಯ ಕಟ್ಟೆ, ಕೊನೆಗೆ ನಮ್ಮ ಶ್ವಾಸಕೋಶ ಕೂಡ ಹಾಳಾಗಬಹುದು. ಆದ್ದರಿಂದ ಕಾರಣವನ್ನು ಮೊದಲು ತಿಳಿದು, ಆಮೇಲೆ ಕೈ ಹಾಕುವುದು ಒಳ್ಳೆಯದು.

ನೀರಿನಲ್ಲಿ ಕಲ್ಲು ಬಂದದ್ದು ಹೇಗೆ?

ಮಳೆಯ ನೀರು ಮೋಡದಿಂದ ಇಳಿಯುವಾಗ ಗಾಳಿಯಲ್ಲಿನ ಇಂಗಾಲದ ಡೈ ಆಕ್ಸೈಡನ್ನು ಸ್ವಲ್ಪ ಕರಗಿಸಿಕೊಳ್ಳುತ್ತದೆ. ಮಣ್ಣಿನಲ್ಲಿ ಇಳಿಯುವಾಗ, ಬೇರುಗಳೂ ಸೂಕ್ಷ್ಮಜೀವಿಗಳೂ ಉಸಿರಾಡಿ ಬಿಟ್ಟ ಇದೇ ಅನಿಲ ಇನ್ನೂ ಹೆಚ್ಚಾಗಿ ಸೇರುತ್ತದೆ. ಹೀಗೆ ಅದು ದುರ್ಬಲವಾದ ಕಾರ್ಬಾನಿಕ್ ಆಮ್ಲವಾಗಿ, ಬಂಡೆಯ ಬಿರುಕುಗಳಲ್ಲಿ ವರ್ಷಗಟ್ಟಲೆ ಹರಿಯುತ್ತದೆ.

ಸುಣ್ಣದ ಕಲ್ಲು ಎಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಶುದ್ಧ ನೀರಿನಲ್ಲಿ ಅದು ಕರಗುವುದು ತೀರಾ ಕಡಿಮೆ, ಲೀಟರಿಗೆ ಸುಮಾರು 15 ಮಿಲಿಗ್ರಾಂ. ಆದರೆ ಇಂಗಾಲದ ಡೈ ಆಕ್ಸೈಡ್ ತುಂಬಿದ ನೀರಿನಲ್ಲಿ ಅದು ಕ್ಯಾಲ್ಸಿಯಂ ಬೈಕಾರ್ಬೊನೇಟ್ ಆಗಿ ಮಾರ್ಪಟ್ಟು, ಹಲವು ಪಟ್ಟು ಹೆಚ್ಚು ಕರಗುತ್ತದೆ. ಕಲಬುರಗಿ, ಬಾಗಲಕೋಟೆ ಸೀಮೆಯಲ್ಲಿ ಸುಣ್ಣದ ಕಲ್ಲಿನ ಪದರಗಳೇ ಇವೆ. ದಕ್ಷಿಣ ಕರ್ನಾಟಕದ ಬಹುಭಾಗದ ನೆಲದಡಿ ಇರುವುದು ಗ್ರಾನೈಟ್ ಮತ್ತು ನೈಸ್ ಶಿಲೆ. ಅಲ್ಲಿಯೂ ಫೆಲ್ಡ್‌ಸ್ಪಾರ್ ಎಂಬ ಖನಿಜ ನಿಧಾನವಾಗಿ ಶಿಥಿಲವಾಗಿ, ನೀರಿಗೆ ಕ್ಯಾಲ್ಸಿಯಮ್ಮನ್ನೂ ಅದರ ಜೊತೆಗೆ ಸಿಲಿಕವನ್ನೂ ಬಿಟ್ಟುಕೊಡುತ್ತದೆ. ಸುಣ್ಣದ ಕಲ್ಲೇ ಇಲ್ಲದ ಊರಿನ ಕೊಳವೆ ಬಾವಿಯ ನೀರೂ ಗಡಸಾಗಿರುವುದು ಇದರಿಂದಲೇ.

ನೀರಿನಲ್ಲಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳ ಒಟ್ಟು ಪ್ರಮಾಣವನ್ನು ಕ್ಯಾಲ್ಸಿಯಂ ಕಾರ್ಬೊನೇಟಿನ ಲೆಕ್ಕದಲ್ಲಿ ಹೇಳುವುದು ರೂಢಿ. ಲೀಟರಿಗೆ 60 ಮಿಲಿಗ್ರಾಂವರೆಗೆ ಇದ್ದರೆ ಮೆದು ನೀರು. 180 ದಾಟಿದರೆ ಬಹಳ ಗಡಸು ಎಂದು ಸಾಮಾನ್ಯವಾಗಿ ವಿಂಗಡಿಸುತ್ತಾರೆ. ಭಾರತೀಯ ಮಾನಕ ಬ್ಯೂರೋದ ಕುಡಿಯುವ ನೀರಿನ ಮಾನಕ (2012) ಒಪ್ಪಬಹುದಾದ ಮಿತಿಯನ್ನು 200 ಮಿಲಿಗ್ರಾಂ ಎಂದೂ, ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 600ರವರೆಗೆ ಸಹಿಸಬಹುದೆಂದೂ ಹೇಳುತ್ತದೆ.

ಗಡಸುತನದಲ್ಲಿ ಎರಡು ಬಗೆ ಎಂಬುದು ವಿದ್ಯಾರ್ಥಿಗಳಿಗೆ ಗೊತ್ತಿರುವ ಪಾಠವೇ. ಬೈಕಾರ್ಬೊನೇಟಿನಿಂದ ಬಂದದ್ದು ತಾತ್ಕಾಲಿಕ, ಕುದಿಸಿದರೆ ಹೋಗುತ್ತದೆ. ಸಲ್ಫೇಟ್, ಕ್ಲೋರೈಡುಗಳಿಂದ ಬಂದದ್ದು ಶಾಶ್ವತ, ಕುದಿಸಿದರೆ ಹೋಗದು. ಪರೀಕ್ಷೆಗೆಂದು ಬಾಯಿಪಾಠ ಮಾಡುವ ಈ ಭೇದ ಕಿಟಕಿಯ ಮುಂದೆ ನಿಂತಾಗ ನಿಜವಾಗಿ ಉಪಯೋಗಕ್ಕೆ ಬರುತ್ತದೆ.

ಹನಿ ಒಣಗುವಾಗ ನಡೆಯುವುದು

ಗಾಜಿನ ಮೇಲೆ ಬಿದ್ದ ಹನಿಯಿಂದ ನೀರು ಆವಿಯಾಗುತ್ತದೆ, ಇಂಗಾಲದ ಡೈ ಆಕ್ಸೈಡ್ ಗಾಳಿಗೆ ಹೋಗುತ್ತದೆ. ಬೈಕಾರ್ಬೊನೇಟ್ ಮರಳಿ ಕರಗದ ಕಾರ್ಬೊನೇಟ್ ಆಗುತ್ತದೆ. ಅಂದರೆ ಬಂಡೆಯಿಂದ ಕರಗಿ ಬಂದ ಸುಣ್ಣದ ಕಲ್ಲು ನಮ್ಮ ಕಿಟಕಿಯ ಮೇಲೆ ಮತ್ತೆ ಕಲ್ಲಾಗುತ್ತದೆ. ಆಂಧ್ರದ ವಿಶಾಖಪಟ್ಟಣದ ಬಳಿ ಇರುವ ಬೊರ್ರಾ ಗುಹೆಗಳಲ್ಲಿ ಚಾವಣಿಯಿಂದ ತೂಗುವ ಸುಣ್ಣಗಲ್ಲಿನ ಕಂಬಗಳು ರೂಪುಗೊಂಡದ್ದೂ ಇದೇ ಕ್ರಿಯೆಯಿಂದ. ಅಲ್ಲಿ ಸಾವಿರಾರು ವರ್ಷಗಳ ಕೆಲಸ, ಇಲ್ಲಿ ಒಂದು ಮಧ್ಯಾಹ್ನದ ಬಿಸಿಲು.

ಭೂತಗನ್ನಡಿ ಹಿಡಿದು ನೋಡಿದರೆ, ಎಷ್ಟೋ ಕಲೆಗಳು ನಡುವೆ ತೆಳುವಾಗಿ, ಅಂಚಿನಲ್ಲಿ ಮಾತ್ರ ದಪ್ಪನೆಯ ಉಂಗುರದಂತೆ ಇರುವುದು ಕಾಣುತ್ತದೆ. ಹನಿಯ ಅಂಚು ತೆಳುವಾದ್ದರಿಂದ ಅಲ್ಲಿ ನೀರು ಬೇಗ ಆವಿಯಾಗುತ್ತದೆ. ಆ ಕೊರತೆ ತುಂಬಲು ನಡುವಿನ ನೀರು ಅಂಚಿನತ್ತ ಹರಿಯುತ್ತಾ ತನ್ನಲ್ಲಿರುವುದನ್ನೂ ಅಲ್ಲಿಗೆ ಒಯ್ಯುತ್ತದೆ. ಮೇಜಿನ ಮೇಲೆ ಚೆಲ್ಲಿದ ಕಾಫಿ ಒಣಗಿದಾಗಲೂ ಹೀಗೆಯೇ ಉಂಗುರ ಮೂಡುತ್ತದೆ. ಎಲ್ಲರೂ ದಿನವೂ ಕಂಡಿದ್ದ ಈ ಸಂಗತಿಗೆ ಷಿಕಾಗೋ ವಿಶ್ವವಿದ್ಯಾಲಯದ ವಿಜ್ಞಾನಿಗಳು ಸರಿಯಾದ ವಿವರಣೆ ಕೊಟ್ಟು ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ್ದು 1997ರಲ್ಲಿ! ಮನೆಯ ಮೇಜಿನ ಮೇಲೂ ಸಂಶೋಧನೆಗೆ ವಿಷಯವಿದೆ ಎಂಬುದಕ್ಕೆ ಇದೊಂದು ಉದಾಹರಣೆ.

ಒಂದು ಸಣ್ಣ ಲೆಕ್ಕ ಮಾಡೋಣ. ನೀರಿನ ತಾತ್ಕಾಲಿಕ ಗಡಸುತನ ಲೀಟರಿಗೆ 400 ಮಿಲಿಗ್ರಾಂ ಇರಲಿ. ಕಿಟಕಿಯ ಕೆಳಗಿನ ಹೂಕುಂಡಗಳಿಗೆ ನೀರು ಹಾಕುವಾಗ ದಿನವೂ 10 ಮಿಲಿಲೀಟರ್, ಅಂದರೆ ಎರಡು ಚಹಾ ಚಮಚದಷ್ಟು ನೀರು ಗಾಜಿಗೆ ಸಿಡಿದು ಅಲ್ಲೇ ಒಣಗಲಿ. ದಿನಕ್ಕೆ 4 ಮಿಲಿಗ್ರಾಂ ಸುಣ್ಣ ಉಳಿಯುತ್ತದೆ. ವರ್ಷಕ್ಕೆ ಸುಮಾರು 1.5 ಗ್ರಾಂ ಆಯಿತು. ಕೇಳುವುದಕ್ಕೆ ಅಲ್ಪವೆನಿಸಿದರೂ ಇಡೀ ಗಾಜನ್ನು ಮಬ್ಬಾಗಿಸಲು ಇದು ಧಾರಾಳವಾಗಿ ಸಾಕು.

ಯಾವ ಕಲೆ, ಯಾವ ಮದ್ದು?

ಎಲ್ಲ ಬಿಳಿ ಕಲೆಯೂ ಒಂದೇ ಅಲ್ಲ. ಕೆಲಸಕ್ಕೆ ತೊಡಗುವ ಮುನ್ನ ಗಾಜಿನ ಒಂದು ಮೂಲೆಯಲ್ಲಿ ಎರಡು ಹನಿ ವಿನೆಗರ್ ಹಾಕಿ, ಭೂತಗನ್ನಡಿಯಲ್ಲಿ ನೋಡಿ.

ಸಣ್ಣ ಗುಳ್ಳೆಗಳೆದ್ದು, ಕೆಲವೇ ನಿಮಿಷಗಳಲ್ಲಿ ಕಲೆ ಸಡಿಲವಾದರೆ ಅದು ಕಾರ್ಬೊನೇಟ್. ಸುಲಭವಾಗಿ ಹೋಗುತ್ತದೆ. ಗುಳ್ಳೆಯೂ ಬರದೆ, ಕಲೆಯೂ ಕದಲದೆ, ಉಗುರಿನಿಂದ ಸವರಿದರೆ ಅಂಚು ತಡೆದಂತೆ ಅನಿಸಿದರೆ ಅದು ಕ್ಯಾಲ್ಸಿಯಂ ಸಲ್ಫೇಟ್ ಅಥವಾ ಸಿಲಿಕದ ಪದರವಿರಬಹುದು. ಇದು ಹುಳಿಗೆ ಜಗ್ಗುವುದಿಲ್ಲ, ಉಜ್ಜಿಯೇ ತೆಗೆಯಬೇಕು. ಉಗುರಿಗೆ ಏನೂ ತಾಗದೆ ನುಣುಪಾಗಿದ್ದೂ ಮಬ್ಬು ಉಳಿದಿದ್ದರೆ ಗಾಜೇ ಸವೆದಿದೆ ಎಂದು ತಿಳಿಯಬೇಕು. ಕಂದು ಬಣ್ಣದ ಗೆರೆಗಳಿದ್ದರೆ ನೀರಿನಲ್ಲೋ ಕಿಟಕಿಯ ಸರಳಿನಲ್ಲೋ ಇರುವ ಕಬ್ಬಿಣವೇ ಕಾರಣ. ಅದಕ್ಕೆ ಸಿಟ್ರಿಕ್ ಆಮ್ಲ ಒಳ್ಳೆಯ ಮದ್ದು.

ತೆಗೆಯುವ ಕ್ರಮ

ಮೊದಲು ಧೂಳು ತೆಗೆಯಿರಿ. ಇದನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ. ಖನಿಜಗಳ ಕಾಠಿಣ್ಯವನ್ನು ಅಳೆಯುವ ಮೋಸ್ ಮಾಪನದಲ್ಲಿ ಸುಣ್ಣಗಲ್ಲಿನ ಹರಳು 3, ಸಾಮಾನ್ಯ ಗಾಜು ಸುಮಾರು 5.5, ಮರಳಿನ ಕಣ 7. ಅಂದರೆ ಕಲೆ ಗಾಜಿಗಿಂತ ಮೆದು, ಆದರೆ ಧೂಳಿನಲ್ಲಿರುವ ಮರಳು ಗಾಜಿಗಿಂತ ಗಟ್ಟಿ. ಒಣ ಬಟ್ಟೆಯಲ್ಲಿ ಜೋರಾಗಿ ಉಜ್ಜಿದರೆ ಕಲೆ ಹೋಗುವ ಮೊದಲು ಗಾಜಿನ ಮೇಲೆ ಗೀರು ಬೀಳುತ್ತದೆ. ಆದ್ದರಿಂದ ಸೋಪಿನ ಪುಡಿ ಬೆರೆಸಿದ ನೀರಿನಿಂದ ಮೇಲಿನಿಂದ ಕೆಳಕ್ಕೆ ಗಾಜನ್ನು ಚೆನ್ನಾಗಿ ತೊಳೆಯಿರಿ.

ಎರಡನೆಯದು, ಹುಳಿಯನ್ನು ಹಿಡಿದು ನಿಲ್ಲಿಸುವುದು. ನಿಂತ ಗಾಜಿನ ಮೇಲೆ ವಿನೆಗರ್ ಸುರಿದರೆ ಅದು ಕ್ಷಣದಲ್ಲಿ ಕೆಳಗಿಳಿದು ಹೋಗುತ್ತದೆ. ಕಲೆಯನ್ನು ಕರಗಿಸಲು ಸಮಯವೇ ಸಿಗುವುದಿಲ್ಲ. ಹಳೆಯ ಹತ್ತಿ ಬಟ್ಟೆಯನ್ನೋ ಕಾಗದದ ಕರವಸ್ತ್ರವನ್ನೋ ವಿನೆಗರಿನಲ್ಲಿ ನೆನೆಸಿ, ಗಾಜಿಗೆ ಮೆತ್ತಿದಂತೆ ಅಂಟಿಸಿ. ಹದಿನೈದು ನಿಮಿಷ ಹಾಗೆಯೇ ಬಿಡಿ. ಒಣಗತೊಡಗಿದರೆ ಮತ್ತೆ ಸ್ವಲ್ಪ ಚಿಮುಕಿಸಿ. ಬಿಸಿಲು ಬಿದ್ದಿರುವ ಗಾಜಿನ ಮೇಲೆ ಈ ಕೆಲಸ ಬೇಡ. ಬೆಳಗ್ಗೆ ಅಥವಾ ಸಂಜೆ ಮಾಡುವುದು ಮೇಲು.

ಮೂರನೆಯದು, ಮೆತ್ತನೆಯ ಸ್ಪಂಜಿನಿಂದ ಸುತ್ತುಸುತ್ತಾಗಿ ಉಜ್ಜಿ, ನೀರಿನಿಂದ ತೊಳೆಯುವುದು. ದಪ್ಪ ಪದರವಾದರೆ ಎರಡು ಮೂರು ಸಲ ಮಾಡಬೇಕಾಗುತ್ತದೆ. ಕೊನೆಯ ಬಾರಿ ಮಾತ್ರ ಮಳೆಯ ನೀರು ಇಲ್ಲವೇ ಶುದ್ಧೀಕರಿಸಿದ ನೀರು ಬಳಸಿ, ಒಣ ಬಟ್ಟೆಯಿಂದ ಅಥವಾ ಹಳೆಯ ವೃತ್ತಪತ್ರಿಕೆಯಿಂದ ಒರೆಸಿಬಿಡಿ. ಗಡಸು ನೀರಿನಲ್ಲಿ ತೊಳೆದು ಹಾಗೆಯೇ ಬಿಟ್ಟರೆ, ಕಲೆ ತೆಗೆದ ಜಾಗದಲ್ಲೇ ಹೊಸ ಕಲೆ ಕೂರುತ್ತದೆ.

ಅಂಗಡಿಯ ವಿನೆಗರಿನಲ್ಲಿ ಅಸಿಟಿಕ್ ಆಮ್ಲ ಸಾಮಾನ್ಯವಾಗಿ ಶೇಕಡ 4ರಷ್ಟು ಇರುತ್ತದೆ. 100 ಗ್ರಾಂ ಸುಣ್ಣವನ್ನು ಕರಗಿಸಲು 120 ಗ್ರಾಂ ಅಸಿಟಿಕ್ ಆಮ್ಲ ಬೇಕು. ಮೇಲೆ ಹೇಳಿದ 1.5 ಗ್ರಾಂ ಕಲೆಗೆ 1.8 ಗ್ರಾಂ ಆಮ್ಲ, ಅಂದರೆ ಸುಮಾರು 45 ಮಿಲಿಲೀಟರ್ ವಿನೆಗರ್ ಸಾಕು. ಒಂದು ವರ್ಷದ ಕಲೆಗೆ ಒಂದು ಸಣ್ಣ ಕಾಫಿ ಲೋಟದ ಅರ್ಧದಷ್ಟೂ ಬೇಕಾಗುವುದಿಲ್ಲ. ಕೆಲಸ ಕೆಡುವುದು ಹುಳಿ ಸಾಲದೆ ಅಲ್ಲ, ಅದು ಕಲೆಯ ಮೇಲೆ ಸಾಕಷ್ಟು ಹೊತ್ತು ನಿಲ್ಲದೆ.

ವಿನೆಗರ್ ವಾಸನೆ ಸಹಿಸದವರು ದಿನಸಿ ಅಂಗಡಿಯಲ್ಲಿ ಸಿಗುವ ಸಿಟ್ರಿಕ್ ಆಮ್ಲದ ಹರಳುಗಳನ್ನು ಬಳಸಬಹುದು. ಒಂದು ಲೋಟ ಬೆಚ್ಚನೆಯ ನೀರಿಗೆ ಒಂದು ದೊಡ್ಡ ಚಮಚ ಹಾಕಿದರೆ ಸಾಕು. ಸ್ವೀಡನ್ನಿನಲ್ಲಿ ನೆಲೆಸಿದ್ದ ರಸಾಯನ ವಿಜ್ಞಾನಿ ಕಾರ್ಲ್ ವಿಲ್‌ಹೆಲ್ಮ್ ಷೀಲೆ 1784ರಲ್ಲಿ ನಿಂಬೆರಸದಿಂದ ಬೇರ್ಪಡಿಸಿದ ಆಮ್ಲವಿದು. ನಿಂಬೆ ಹೋಳಿನಿಂದ ನೇರವಾಗಿ ಉಜ್ಜಿದರೂ ನಡೆಯುತ್ತದೆ. ಆದರೆ ಕ್ಯಾಲ್ಸಿಯಂ ಸಿಟ್ರೇಟ್ ನೀರಿನಲ್ಲಿ ಅಷ್ಟಾಗಿ ಕರಗದು; ಆದ್ದರಿಂದ ಗಾಜಿನ ಮೇಲೆ ಒಣಗಲು ಬಿಡದೆ ಕೂಡಲೇ ತೊಳೆಯಬೇಕು. ಹಿತ್ತಾಳೆ ಪಾತ್ರೆಗೆ ಹುಣಸೆಹಣ್ಣು ಬಹಳ ಒಳ್ಳೆಯದು, ನಿಜ. ಗಾಜಿನ ಕಲೆಗೆ ಅದು ಎರಡನೆಯ ದರ್ಜೆಯದು. ಅದರ ಟಾರ್ಟಾರಿಕ್ ಆಮ್ಲ ಸುಣ್ಣದೊಡನೆ ಸೇರಿ ಹೆಚ್ಚು ಕರಗದ ಟಾರ್ಟ್ರೇಟ್ ಉಂಟುಮಾಡುತ್ತದೆ.

ಹುಳಿಗೆ ಜಗ್ಗದ ಕಲೆಗೆ ಅಡುಗೆ ಸೋಡವನ್ನು ಸ್ವಲ್ಪ ನೀರಿನಲ್ಲಿ ಕಲಸಿ, ಮೆತ್ತನೆಯ ಬಟ್ಟೆಯಿಂದ ತಾಳ್ಮೆಯಿಂದ ಉಜ್ಜಿ. ಅದರ ಕಣ ಗಾಜಿಗಿಂತ ತುಂಬ ಮೆದುವಾದ್ದರಿಂದ ಗೀರು ಬೀಳುವ ಭಯವಿಲ್ಲ. ಪಾತ್ರೆ ತಿಕ್ಕುವ ಉಕ್ಕಿನ ನಾರು, ಇಟ್ಟಿಗೆ ಪುಡಿ, ಒಲೆಯ ಬೂದಿ, ಕಲ್ಲು ಕುಟ್ಟಿದ ರಂಗೋಲಿ ಪುಡಿ ಇವು ಯಾವುವೂ ಗಾಜಿಗೆ ತಕ್ಕವಲ್ಲ. ಅವುಗಳಲ್ಲಿ ಮರಳಿನ ಕಣಗಳಿರಬಹುದು.

ಇವನ್ನು ಮಾಡಬೇಡಿ

ಅಡುಗೆ ಸೋಡ ಮತ್ತು ವಿನೆಗರ್ ಎರಡನ್ನೂ ಒಟ್ಟಿಗೆ ಬೆರೆಸಿ ಹಚ್ಚಿರಿ ಎಂಬ ಸಲಹೆ ಈಗ ಬಹಳ ಕಡೆ ಕೇಳಿಬರುತ್ತದೆ. ಭುಸ್ಸೆಂದು ನೊರೆ ಏಳುವುದರಿಂದ ಭಾರಿ ಕೆಲಸ ನಡೆಯುತ್ತಿದೆ ಎಂದು ತೋರುತ್ತದೆ. ಒಂದು ಆಮ್ಲ, ಇನ್ನೊಂದು ಪ್ರತ್ಯಾಮ್ಲ. ಎರಡೂ ಒಂದನ್ನೊಂದು ತಟಸ್ಥಗೊಳಿಸಿ ಕೊನೆಗೆ ಉಳಿಯುವುದು ಉಪ್ಪು ನೀರಿನಂಥ ಸೋಡಿಯಂ ಅಸಿಟೇಟ್ ದ್ರಾವಣ. ಕಲೆಯನ್ನು ಕರಗಿಸಬೇಕಾಗಿದ್ದ ಹುಳಿಯನ್ನು ನಾವೇ ಖರ್ಚು ಮಾಡಿದಂತಾಯಿತು. ಬೇಕಾದರೆ ಮೊದಲು ವಿನೆಗರ್ ಹಚ್ಚಿ ತೊಳೆದು, ಆಮೇಲೆ ಬೇರೆಯಾಗಿ ಸೋಡದಿಂದ ಉಜ್ಜಬಹುದು.

ಇನ್ನು ಶೌಚಾಲಯ ತೊಳೆಯಲು ತಂದಿಟ್ಟ ‘ಆಸಿಡ್’. ಇದು ಹೈಡ್ರೋಕ್ಲೋರಿಕ್ ಆಮ್ಲ. ಸುಣ್ಣದ ಕಲೆಯನ್ನು ಕ್ಷಣದಲ್ಲಿ ಕರಗಿಸುತ್ತದೆ, ಗಾಜಿಗೂ ಏನೂ ಮಾಡುವುದಿಲ್ಲ. ಆದರೆ ಕಿಟಕಿ ಎಂದರೆ ಬರೀ ಗಾಜಲ್ಲ. ಅಲ್ಯೂಮಿನಿಯಂ ಚೌಕಟ್ಟು, ಕಬ್ಬಿಣದ ಸರಳು, ಕೆಳಗಿನ ಕಟ್ಟೆ, ನಿಂತು ತೊಳೆಯುವವರ ಕಣ್ಣು ಮತ್ತು ಚರ್ಮ ಎಲ್ಲವೂ ಅಲ್ಲೇ ಇವೆ. ಮೇಲೆತ್ತಿದ ಕೈಯಿಂದ ಆಮ್ಲ ತೋಳಿಗೆ, ಮುಖಕ್ಕೆ ಇಳಿಯುತ್ತದೆ. ಕಿಟಕಿ ತೊಳೆಯಲು ಇದನ್ನು ಖಂಡಿತ ಬಳಸಬೇಡಿ, ಮನೆಗೆಲಸದವರ ಕೈಗೂ ಕೊಡಬೇಡಿ.

ಇದಕ್ಕಿಂತ ದೊಡ್ಡ ಅಪಾಯ, ಆಮ್ಲ ಮತ್ತು ಬ್ಲೀಚಿಂಗ್ ಪೌಡರ್ ಸೇರಿಸುವುದು. ಎರಡೂ ಶುಚಿ ಮಾಡುವ ವಸ್ತುಗಳು, ಸೇರಿಸಿದರೆ ಇನ್ನೂ ಶುಚಿ ಎಂಬ ಭಾವನೆ ಕೆಲವರಿಗಿದೆ. ಹಾಗೆ ಸೇರಿಸಿದಾಗ ಹೊರಬರುವುದು ಕ್ಲೋರಿನ್ ಅನಿಲ. ಮೊದಲ ಮಹಾಯುದ್ಧದಲ್ಲಿ, 1915ರ ಏಪ್ರಿಲ್ 22ರಂದು ಬೆಲ್ಜಿಯಂನ ಈಪರ್ ಬಳಿ ಸೈನಿಕರ ಮೇಲೆ ಬಿಟ್ಟದ್ದು ಇದೇ ಅನಿಲವನ್ನು. ಬಾಗಿಲು ಮುಚ್ಚಿದ ಬಚ್ಚಲು ಮನೆಯಲ್ಲಿ ಇದು ಪ್ರಾಣಕ್ಕೇ ಎರವಾಗಬಹುದು. ವಿನೆಗರ್ ಜೊತೆಗೂ ಬ್ಲೀಚಿಂಗ್ ಪೌಡರ್ ಸೇರಿಸಕೂಡದು. ತಂದೆತಾಯಂದಿರು ಈ ಒಂದು ಮಾತನ್ನಾದರೂ ಮನೆಯ ಎಲ್ಲರಿಗೂ ತಿಳಿಸಬೇಕು.

ಕಿಟಕಿಯ ಕಟ್ಟೆಗೆ ಹಾಕಿರುವ ಕಲ್ಲು ಯಾವುದೆಂದು ನೋಡಿಕೊಳ್ಳಿ. ಕಡಪ ಕಲ್ಲು, ಶಹಾಬಾದ್ ಕಲ್ಲು, ಅಮೃತಶಿಲೆ ಎಲ್ಲವೂ ಕ್ಯಾಲ್ಸಿಯಂ ಕಾರ್ಬೊನೇಟೇ. ಗಾಜಿನ ಮೇಲಿನ ಕಲೆಯನ್ನು ಕರಗಿಸುವ ವಿನೆಗರ್, ಕೆಳಗಿಳಿದು ಈ ಕಲ್ಲನ್ನೂ ಕರಗಿಸಿ ಹೊಳಪು ಕೆಡಿಸುತ್ತದೆ. ಸಿಮೆಂಟಿನಿಂದ ಮಾಡಿದ ಕೆಂಪು ನೆಲ, ಮೊಸಾಯಿಕ್ ನೆಲಗಳಿಗೂ ಇದೇ ಗತಿ. ಕೆಲಸಕ್ಕೆ ಮುನ್ನ ಕಟ್ಟೆಯ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ, ಮೇಲೆ ಒಂದು ದಪ್ಪ ಟವೆಲ್ ಮಡಚಿಡಿ. ಗ್ರಾನೈಟ್ ಆದರೆ ಅಷ್ಟು ಹೆದರಬೇಕಾಗಿಲ್ಲ. ಕನ್ನಡಿಯಾದರೆ ಅಂಚಿನಿಂದ ಹುಳಿ ಹಿಂಬದಿಗೆ ಇಳಿದು ಬೆಳ್ಳಿಯ ಲೇಪ ಕಪ್ಪಾಗದಂತೆ ಎಚ್ಚರ ವಹಿಸಬೇಕು.

ಗಾಜೂ ಕರಗುತ್ತದೆ!

‘ವರ್ಷಗಳಿಂದ ಇದ್ದ ಕಲೆ, ಏನು ಮಾಡಿದರೂ ಹೋಗಲೊಲ್ಲದು’ ಎನ್ನುವವರಿದ್ದಾರೆ. ಅದಕ್ಕೆ ಕಾರಣ ತಿಳಿಯಲು ಇನ್ನೂರೈವತ್ತು ವರ್ಷಗಳಷ್ಟು ಹಿಂದೆ ಹೋಗಬೇಕು.

ನೀರನ್ನು ಮತ್ತೆ ಮತ್ತೆ ಕುದಿಸಿದರೆ ಅದು ಮಣ್ಣಾಗಿ ಮಾರ್ಪಡುತ್ತದೆ ಎಂದು ಆಗಿನ ಹಲವರು ನಂಬಿದ್ದರು. ಎಷ್ಟು ಶುದ್ಧ ನೀರನ್ನು ಗಾಜಿನ ಪಾತ್ರೆಯಲ್ಲಿ ಕಾಯಿಸಿದರೂ ತಳದಲ್ಲಿ ಬಿಳಿಯ ಪುಡಿ ಉಳಿಯುತ್ತಿದ್ದುದೇ ಅವರಿಗೆ ಆಧಾರ. ಫ್ರಾನ್ಸಿನ ಲವಾಸಿಯೆ ಇದನ್ನು ಪರೀಕ್ಷಿಸಲು ಹೊರಟ. ಶುದ್ಧ ನೀರನ್ನು ಮುಚ್ಚಿದ ಗಾಜಿನ ಪಾತ್ರೆಯಲ್ಲಿ, ಆವಿ ಮತ್ತೆ ಅದರೊಳಗೇ ಇಳಿಯುವಂತೆ ಮಾಡಿ, 101 ದಿನ ಕಾಯಿಸಿದ. ಮೊದಲೂ ಕೊನೆಗೂ ಎಲ್ಲವನ್ನೂ ತೂಗಿದ. ನೀರಿನ ತೂಕ ಕಡಿಮೆಯಾಗಿರಲಿಲ್ಲ. ಪಾತ್ರೆಯ ತೂಕ ಕಡಿಮೆಯಾಗಿತ್ತು. ನೀರು ಮಣ್ಣಾದದ್ದಲ್ಲ, ಗಾಜೇ ನೀರಿನಲ್ಲಿ ಕರಗಿತ್ತು. 1770ರಲ್ಲಿ ಅವನು ಮಂಡಿಸಿದ ಈ ಫಲಿತಾಂಶದ ಹಿಂದಿದ್ದದ್ದು ಒಂದು ಒಳ್ಳೆಯ ತಕ್ಕಡಿ ಮತ್ತು ತಾಳ್ಮೆ.

ಕಿಟಕಿ ಗಾಜು ಮರಳಿನ ಸಿಲಿಕ, ಸೋಡ ಮತ್ತು ಸುಣ್ಣ ಸೇರಿ ಆದದ್ದು. ಗಾಜಿನ ಮೇಲೆ ನೀರು ಬಹಳ ಕಾಲ ನಿಂತರೆ ಮೇಲ್ಪದರದ ಸೋಡಿಯಂ ನೀರಿಗೆ ಇಳಿಯುತ್ತದೆ, ಆ ನೀರು ಕ್ಷಾರೀಯವಾಗುತ್ತದೆ. ಕ್ಷಾರ ಹೆಚ್ಚಾದರೆ ಗಾಜಿನ ಮೂಲ ಚೌಕಟ್ಟಾದ ಸಿಲಿಕವೇ ಕರಗತೊಡಗುತ್ತದೆ. ಕಲೆಯ ಪದರ ತೇವವನ್ನು ಹಿಡಿದಿಟ್ಟು ಈ ಕೆಲಸಕ್ಕೆ ಅನುಕೂಲ ಮಾಡಿಕೊಡುತ್ತದೆ. ವರ್ಷಗಳ ಬಳಿಕ ಕಲೆಯನ್ನು ತೆಗೆದರೂ ಅದರಡಿಯ ಗಾಜು ಸವೆದು ಮಬ್ಬಾಗಿರುತ್ತದೆ. ಆಗ ಯಾವ ಹುಳಿಯೂ ಪ್ರಯೋಜನವಿಲ್ಲ. ಸೀರಿಯಂ ಆಕ್ಸೈಡ್ ಎಂಬ ನುಣ್ಣನೆಯ ಪುಡಿಯಿಂದ ಗಾಜಿನ ಕೆಲಸ ಬಲ್ಲವರು ಹೊಳಪು ಕೊಡಬಹುದು, ಇಲ್ಲವೇ ಗಾಜನ್ನೇ ಬದಲಿಸಬೇಕು.

ಹೊಸ ಮನೆ ಕಟ್ಟುವವರು ಇದನ್ನು ವಿಶೇಷವಾಗಿ ಗಮನಿಸಬೇಕು. ಸಿಮೆಂಟಿನ ಗೋಡೆಗೆ ನೀರುಣಿಸುವಾಗ ಅದರ ಮೇಲಿನಿಂದ ಹರಿದು ಬರುವ ನೀರು ತುಂಬಾ ಕ್ಷಾರೀಯ. ಅದು ಗಾಜಿನ ಮೇಲೆ ಒಣಗಿ ಕೂತರೆ ತಿಂಗಳುಗಳಲ್ಲೇ ಹಾನಿಯಾಗಬಹುದು. ಗಿಲಾವು, ನೀರುಣಿಸುವಿಕೆ ಮುಗಿಯುವ ತನಕ ಗಾಜಿನ ಮೇಲೆ ಪ್ಲಾಸ್ಟಿಕ್ ಹಾಳೆ ಕಟ್ಟಿರಲಿ. ಸಿಡಿದದ್ದನ್ನು ಆ ದಿನವೇ ತೊಳೆಸಿಬಿಡಿ.

ಬಾರದಂತೆ ತಡೆಯುವುದು

ಕಲೆ ಮೂಡುವುದು ನೀರು ತಾಗಿದ್ದರಿಂದಲ್ಲ, ತಾಗಿದ ನೀರು ಒಣಗಿದ್ದರಿಂದ. ತೊಳೆದ ಕೂಡಲೇ ರಬ್ಬರ್ ಪಟ್ಟಿಯ ವೈಪರಿನಿಂದ ನೀರನ್ನು ಎಳೆದು ಒರೆಸಿದರೆ ಸುಣ್ಣವೂ ನೀರಿನೊಂದಿಗೇ ಹೋಗುತ್ತದೆ. ಗಿಡಗಳಿಗೆ ನೀರು ಹಾಕುವ ಪೈಪು ಗಾಜಿನತ್ತ ಸಿಡಿಯದಂತೆ ತಿರುಗಿಸಿ.

ಆರ್.ಓ. ಯಂತ್ರದಿಂದ ಹೊರಹೋಗುವ ನೀರನ್ನು ವ್ಯರ್ಥ ಮಾಡಬಾರದೆಂದು ಅದರಿಂದಲೇ ಕಿಟಕಿ ತೊಳೆಯುವವರುಂಟು. ಉಳಿತಾಯದ ಬುದ್ಧಿ ಒಳ್ಳೆಯದೇ, ಆದರೆ ಆ ನೀರಿನಲ್ಲಿ ಲವಣಗಳು ಮೂಲ ನೀರಿಗಿಂತಲೂ ಹೆಚ್ಚು. ಅದು ಶೌಚಾಲಯಕ್ಕೆ ಸರಿ, ಗಾಜಿಗೆ ಸಲ್ಲದು. ಹವಾನಿಯಂತ್ರಣ ಯಂತ್ರದಿಂದ ತೊಟ್ಟಿಕ್ಕುವ ನೀರು ಇದಕ್ಕೆ ತದ್ವಿರುದ್ಧ. ಗಾಳಿಯ ತೇವವೇ ತಣಿದು ನೀರಾದದ್ದರಿಂದ ಅದರಲ್ಲಿ ಸುಣ್ಣ ಇಲ್ಲವೇ ಇಲ್ಲ ಎನ್ನಬಹುದು. ಕುಡಿಯಲು ಬೇಡ, ಗಾಜು ತೊಳೆಯಲು ಬಹಳ ಉತ್ತಮ. ಮಳೆಗಾಲದಲ್ಲಿ ಚಾವಣಿಯ ನೀರನ್ನು ಹಿಡಿದಿಟ್ಟುಕೊಂಡರೆ ಇನ್ನೂ ಒಳ್ಳೆಯದು.

ನೀರು ಮೆದುಗೊಳಿಸುವ ಯಂತ್ರದಲ್ಲಿ ಕ್ಯಾಲ್ಸಿಯಮ್ಮಿನ ಬದಲು ಸೋಡಿಯಂ ಬಂದು ಸೇರುತ್ತದೆ. ಆ ನೀರು ಒಣಗಿದರೂ ಗುರುತು ಉಳಿಯುತ್ತದೆ, ಆದರೆ ಸೋಡಿಯಂ ಲವಣ ನೀರಿನಲ್ಲಿ ಕರಗುವುದರಿಂದ ಒದ್ದೆ ಬಟ್ಟೆಗೇ ಬಿಟ್ಟುಕೊಳ್ಳುತ್ತದೆ.

ವಿದ್ಯಾರ್ಥಿಗಳಿಗೆ ಮೂರು ಪ್ರಯೋಗ

ಮೊದಲನೆಯದು: ನಲ್ಲಿಯ ನೀರು, ಹತ್ತು ನಿಮಿಷ ಕುದಿಸಿ ಆರಿಸಿ ಬಟ್ಟೆಯಲ್ಲಿ ಸೋಸಿದ ನೀರು, ಮಳೆಯ ನೀರು, ಇವುಗಳ ಒಂದೊಂದು ಹನಿಯನ್ನು ಶುಭ್ರವಾದ ಗಾಜಿನ ತುಂಡಿನ ಮೇಲೆ ಬೇರೆ ಬೇರೆಯಾಗಿ ಇಟ್ಟು ಒಣಗಿಸಿ. ಕಪ್ಪು ಕಾಗದದ ಮೇಲಿಟ್ಟು ಭೂತಗನ್ನಡಿಯಲ್ಲಿ ನೋಡಿ, ಚಿತ್ರ ಬರೆಯಿರಿ. ಕುದಿಸಿದ ನೀರಿನ ಕಲೆ ಎಷ್ಟು ತಗ್ಗಿದೆ ಎಂಬುದರಿಂದ ನಿಮ್ಮೂರಿನ ನೀರಿನಲ್ಲಿ ತಾತ್ಕಾಲಿಕ ಗಡಸುತನದ ಪಾಲು ಎಷ್ಟು ಎಂಬ ಅಂದಾಜು ಸಿಗುತ್ತದೆ.

ಎರಡನೆಯದು: ಬಟ್ಟೆ ಸೋಪಿನ ಬಿಲ್ಲೆಯನ್ನು ತುರಿದು ಮಳೆಯ ನೀರಿನಲ್ಲಿ ಕರಗಿಸಿ. ಮೇಲಿನ ಮೂರೂ ನೀರನ್ನು ಮೂರು ಒಂದೇ ಬಗೆಯ ಬಾಟಲಿಗಳಿಗೆ ಸಮಪ್ರಮಾಣದಲ್ಲಿ ಹಾಕಿ. ಸೋಪಿನ ದ್ರಾವಣವನ್ನು ಹನಿಹನಿಯಾಗಿ ಸೇರಿಸುತ್ತಾ ಕುಲುಕಿ, ನೊರೆ ಒಂದು ನಿಮಿಷ ನಿಲ್ಲುವ ತನಕ ಎಷ್ಟು ಹನಿ ಬೇಕಾಯಿತೆಂದು ಎಣಿಸಿ. ಹನಿ ಹೆಚ್ಚಾದಷ್ಟೂ ನೀರು ಗಡಸು. ಇಲ್ಲಿ ಡಿಟರ್ಜೆಂಟ್ ಪುಡಿ ಬಳಸಬಾರದು. ಅದು ಗಡಸು ನೀರಿನಲ್ಲೂ ನೊರೆ ಕೊಡುತ್ತದೆ. ಸ್ಕಾಟ್ಲೆಂಡಿನ ಥಾಮಸ್ ಕ್ಲಾರ್ಕ್ ಗಡಸುತನವನ್ನು ಅಳೆದದ್ದು ಸೋಪಿನಿಂದಲೇ. ತಕ್ಕ ಪ್ರಮಾಣದಲ್ಲಿ ಸುಣ್ಣವನ್ನೇ ಸೇರಿಸಿ ನೀರಿನಲ್ಲಿ ಕರಗಿರುವ ಸುಣ್ಣವನ್ನು ತಳಕ್ಕಿಳಿಸುವ ವಿಧಾನಕ್ಕೆ ಅವನು 1841ರಲ್ಲಿ ಹಕ್ಕುಸ್ವಾಮ್ಯ ಪಡೆದ. ಸುಣ್ಣ ಸೇರಿಸಿದರೆ ಸುಣ್ಣ ಹೋಗುವುದು ಹೇಗೆಂದು ಸಮೀಕರಣ ಬರೆದು ನೋಡಿ.

ಮೂರನೆಯದು: ಮೊಟ್ಟೆಯ ಚಿಪ್ಪಿನ ಚೂರು, ಕರಿಹಲಗೆಯ ಸೀಮೆಸುಣ್ಣ, ಹಂಡೆಯ ತಳದ ಬಿಳಿ ಚಕ್ಕೆ ಮೂರನ್ನೂ ವಿನೆಗರಿನಲ್ಲಿ ಹಾಕಿ. ಚಿಪ್ಪು ಮತ್ತು ಚಕ್ಕೆಯಿಂದ ಗುಳ್ಳೆ ಬರುತ್ತದೆ. ಸೀಮೆಸುಣ್ಣದಿಂದ ಎಷ್ಟೋ ಸಲ ಬರುವುದೇ ಇಲ್ಲ. ಈಗಿನ ಬಹಳಷ್ಟು ಸೀಮೆಸುಣ್ಣ ಜಿಪ್ಸಮ್ಮಿನಿಂದ, ಅಂದರೆ ಕ್ಯಾಲ್ಸಿಯಂ ಸಲ್ಫೇಟಿನಿಂದ ಆದದ್ದು. ಕಿಟಕಿಯ ಕೆಲವು ಕಲೆಗಳು ಹುಳಿಗೆ ಜಗ್ಗದಿರುವುದಕ್ಕೆ ಇದೇ ಪ್ರತ್ಯಕ್ಷ ಸಾಕ್ಷಿ.

ಕಲೆ ಹೇಳದಿರುವ ಮಾತು

ಇಂಥ ಪ್ರಯೋಗ ಮಾಡಿಸಿದಾಗಲೆಲ್ಲ ಮಕ್ಕಳಿಂದಲೂ ತಂದೆತಾಯಂದಿರಿಂದಲೂ ಬರುವ ಪ್ರಶ್ನೆ ಒಂದೇ: ‘ಗಾಜಿನ ಮೇಲೇ ಇಷ್ಟು ಕೂತರೆ ಹೊಟ್ಟೆಯೊಳಗೆ ಎಷ್ಟು ಕೂರಬಹುದು ಸಾರ್?’ ಕ್ಯಾಲ್ಸಿಯಮ್ಮೂ ಮೆಗ್ನೀಸಿಯಮ್ಮೂ ದೇಹಕ್ಕೆ ಬೇಕಾದ ಲವಣಗಳೇ. ಗಡಸುತನಕ್ಕೆಂದು ವಿಶ್ವ ಆರೋಗ್ಯ ಸಂಸ್ಥೆ ಆರೋಗ್ಯದ ದೃಷ್ಟಿಯಿಂದ ಯಾವ ಮಿತಿಯನ್ನೂ ವಿಧಿಸಿಲ್ಲ. ಮೂತ್ರಪಿಂಡದ ಕಲ್ಲುಗಳಲ್ಲಿ ಬಹುಪಾಲು ಕ್ಯಾಲ್ಸಿಯಂ ಆಕ್ಸಲೇಟ್. ಗಾಜಿನ ಮೇಲೆ ಕೂರುವ ಸುಣ್ಣವಲ್ಲ. ಕಲ್ಲಾಗದಂತೆ ಇರಲು ವೈದ್ಯರು ಹೇಳುವ ಮೊದಲ ಮಾತು ಸಾಕಷ್ಟು ನೀರು ಕುಡಿಯಿರಿ ಎಂಬುದು.

ನಿಜವಾಗಿ ಹೆದರಬೇಕಾದದ್ದು ಗಾಜಿನ ಮೇಲೆ ಕಾಣದಿರುವ ವಸ್ತುವಿಗೆ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಜಿಲ್ಲೆಗಳ ಹಲವು ಕೊಳವೆ ಬಾವಿಗಳಲ್ಲಿ ಫ್ಲೋರೈಡ್ ಹೆಚ್ಚಾಗಿರುವುದು ಬಹುಕಾಲದಿಂದ ತಿಳಿದಿರುವ ಸಂಗತಿ. ನಮ್ಮ ಮಾನಕದ ಪ್ರಕಾರ ಅದು ಲೀಟರಿಗೆ 1 ಮಿಲಿಗ್ರಾಂ ಮೀರಬಾರದು. ಬೇರೆ ನೀರು ಇಲ್ಲದಿದ್ದರೆ 1.5ರವರೆಗೆ. ಅದು ಹೆಚ್ಚಾದರೆ ಬೆಳೆಯುವ ಮಕ್ಕಳ ಹಲ್ಲು ಕಂದುಗಟ್ಟುತ್ತದೆ. ವರ್ಷಗಳ ಕಾಲ ಕುಡಿದರೆ ಮೂಳೆಗೂ ತೊಂದರೆ. ಇದಕ್ಕೆ ರುಚಿಯಿಲ್ಲ, ವಾಸನೆಯಿಲ್ಲ, ಕಲೆಯಿಲ್ಲ. ಕ್ಯಾಲ್ಸಿಯಂ ಹೆಚ್ಚಿದ್ದಲ್ಲಿ ಫ್ಲೋರೈಡ್ ಕ್ಯಾಲ್ಸಿಯಂ ಫ್ಲೋರೈಡ್ ಆಗಿ ಬೇರ್ಪಡುವುದರಿಂದ, ಫ್ಲೋರೈಡ್ ಹೆಚ್ಚಿರುವ ನೀರು ಎಷ್ಟೋ ವೇಳೆ ಮೆದುವಾಗಿಯೇ ಇರುತ್ತದೆ. ‘ನಮ್ಮ ಬೋರಿನ ನೀರಿನಲ್ಲಿ ಕಲೆಯೇ ಬೀಳುವುದಿಲ್ಲ, ಬಹಳ ಸಿಹಿ’ ಎಂದು ನಿಶ್ಚಿಂತೆಯಿಂದ ಇರುವಂತಿಲ್ಲ. ನೀರನ್ನು ಕುದಿಸುವುದರಿಂದಲೂ ಫ್ಲೋರೈಡ್ ಹೋಗುವುದಿಲ್ಲ.

ಆದ್ದರಿಂದ ಗಾಜು ತೊಳೆಯುವ ಕೆಲಸ ಮುಗಿಸಿದ ಮೇಲೆ ಇನ್ನೊಂದು ಕೆಲಸ ಉಳಿದಿದೆ. ಒಂದು ಶುದ್ಧವಾದ ಬಾಟಲಿಯಲ್ಲಿ ಕೊಳವೆ ಬಾವಿಯ ನೀರನ್ನು ತುಂಬಿ, ಜಿಲ್ಲಾ ಮಟ್ಟದ ನೀರು ಪರೀಕ್ಷಾ ಪ್ರಯೋಗಾಲಯಕ್ಕೆ ಕೊಟ್ಟು ಗಡಸುತನ, ಫ್ಲೋರೈಡ್, ನೈಟ್ರೇಟ್ ಮೂರನ್ನೂ ಪರೀಕ್ಷಿಸಿಕೊಳ್ಳಿ. ಶಾಲೆಯ ವಿಜ್ಞಾನ ಸಂಘದ ಮಕ್ಕಳು ಸೇರಿ ಊರಿನ ಎಲ್ಲ ಬೋರುಗಳ ನೀರನ್ನು ಹೀಗೆ ಪರೀಕ್ಷಿಸಿ, ಫಲಿತಾಂಶವನ್ನು ಪಂಚಾಯಿತಿ ಕಚೇರಿಯ ಮುಂದೆ ಬರೆದು ಹಾಕಿದರೆ, ಯಾವ ಬೋರಿನ ನೀರನ್ನು ಕುಡಿಯಲು ಬಳಸಬಹುದು, ಯಾವುದನ್ನು ಬಟ್ಟೆ ಪಾತ್ರೆಗೆ ಮಾತ್ರ ಇಟ್ಟುಕೊಳ್ಳಬೇಕು ಎಂಬುದು ಇಡೀ ಊರಿಗೆ ತಿಳಿಯುತ್ತದೆ.